ಚಾಚಾನ ಗಾಡಿ ಬಾಡಿಗೆ

ಪರೀಕ್ಷೆಗೆ ಹೊರಟವರು ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಪುಸ್ತಕ ತೆರೆಯಬಾರದು. ಇದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ನಮ್ಮ ಚಾಚಾ ಮಾಡಿದ ಕಾಯ್ದೆ. ಕೊಟ್ಟೂರಿನಿಂದ ಹೂವಿನಹಡಗಲಿ ಮೇಲೆ ಹಾಯ್ದು ಹುಬ್ಬಳ್ಳಿಗೆ ಹೋಗುವಾಗ ನಡುವೆ ಹೊಳೆ ಸಿಗುತ್ತದೆ. ಸೇತುವೆಗೆ ಸ್ವಲ್ಪ ಮುಂಚೆ ಗಾಡಿ ನಿಲ್ಲಿಸಿ, ಹಿಂದೆ ತಿರುಗಿಯೂ ನೋಡದೆ ಕೈ ಚಾಚಿ, "ತಾ ಇಲ್ಲಿ" ಎಂದು ನನ್ನ ಪುಸ್ತಕ ಇಸಿದುಕೊಂಡು ತಮ್ಮ ಸೀಟಿನ ಕೆಳಗೆ ತುರುಕುತ್ತಿದ್ದರು. "ಇನ್ನ ಮ್ಯಾಲ ಓದಿದ್ದು ತಲಿಗೆ ಹತ್ತಂಗಿಲ್ಲ. ಮಿರ್ಚಿ ತಿನ್ನು." ಅವ್ವ ಪೇಪರಿನಲ್ಲಿ ಕಟ್ಟಿಕೊಟ್ಟ ಮಿರ್ಚಿ ಅಷ್ಟೊತ್ತಿಗೆ ಮೆತ್ತಗಾಗಿರುತ್ತಿತ್ತು. ಇಬ್ಬರೂ ತಿಂದು, ಅವರ ಗ್ರೀಸ್ ಬಟ್ಟೆಗೇ ಕೈ ಒರೆಸಿಕೊಂಡು ಹೊಳೆ ದಾಟುತ್ತಿದ್ದೆವು.

ಚಾಚಾ ನಮಗೆ ರಕ್ತಸಂಬಂಧಿಯಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮವ್ವನ ಮಂಡಕ್ಕಿ ಮಿರ್ಚಿ ಅಂಗಡಿ, ಅದರ ಎದುರಿಗೆ ಅವರ ಗ್ಯಾರೇಜು. ಟ್ರ್ಯಾಕ್ಟರ್, ಬೈಕು, ಬೋರಿನ ಮೋಟರು, ಯಾರಾದರೂ ಹೊತ್ತು ತಂದರೆ ಮಿಕ್ಸಿ ಕೂಡ, ಎಲ್ಲವನ್ನೂ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿದ್ದರು ಎಂದು ಹೇಳಲಾರೆ. ಅವ್ವ ಅವರನ್ನು ಅಣ್ಣಾ ಎನ್ನುತ್ತಿದ್ದಳು, ಅವರು ಅವ್ವನನ್ನು ತಂಗೆವ್ವ ಎನ್ನುತ್ತಿದ್ದರು. ಅಪ್ಪ ಹಗರಿಬೊಮ್ಮನಹಳ್ಳಿಯ ಹತ್ತಿ ಮಿಲ್ಲಿನಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ನನ್ನ ಪರೀಕ್ಷೆಗಳೆಲ್ಲ ಅದ್ಯಾಕೋ ಅಪ್ಪನ ಪಾಳಿಯ ದಿನಗಳಲ್ಲೇ ಬರುತ್ತಿದ್ದವು. ಮೊದಲ ಸಲ ಹರಪನಹಳ್ಳಿಗೆ ಪರೀಕ್ಷೆ ಬರೆಯಲು ಹೋಗಬೇಕಾದಾಗ ಬಸ್ಸು ಕೆಟ್ಟು ನಿಂತಿತು. ಚಾಚಾ ತಮ್ಮ ಬಿಳಿ ವ್ಯಾನು ತೆಗೆದು, "ಹತ್ತು ಹುಡುಗಿ" ಎಂದರು. ಅಲ್ಲಿಂದ ಅದೇ ರೂಢಿಯಾಯಿತು. ಆ ವ್ಯಾನು ಬಂದರೆ ಎರಡು ಬೀದಿ ಆಚೆಯ ನಾಯಿಗಳಿಗೆ ಮೊದಲು ಗೊತ್ತಾಗುತ್ತಿತ್ತು. ಹರಪನಹಳ್ಳಿ ಕಡೆಗೆ ಹೊಳೆ ಇಲ್ಲವಲ್ಲ, ಅಲ್ಲಿಗೆ ಹೋಗುವಾಗ ಆ ಊರ ಕೆರೆ ಕಂಡ ಕೂಡಲೇ ಪುಸ್ತಕ ಮುಚ್ಚಬೇಕಿತ್ತು. ಡೀಸೆಲ್ ಹಾಕಿಸುತ್ತೇನೆ ಎಂದು ಅವ್ವ ಎಷ್ಟು ಸಲ ನೋಟು ಹಿಡಿದು ಓಡಿ ಬಂದಳೋ, ಅಷ್ಟೂ ಸಲ ಚಾಚಾ ಗೇರು ಬದಲಿಸಿ ಹೋಗೇಬಿಡುತ್ತಿದ್ದರು.

ಹೀಗೆ ನಾನು ಡಾಕ್ಟರ್ ಆದೆ. ಆಮೇಲೆ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜನರಲ್ ಮೆಡಿಸಿನ್ ಕಲಿಯಲು ರೆಸಿಡೆಂಟ್ ಆಗಿ ಸೇರಿದೆ. ರೆಸಿಡೆಂಟ್ ಎಂದರೆ ಹಗಲು ಡಾಕ್ಟರ್, ರಾತ್ರಿಯೂ ಡಾಕ್ಟರ್, ದೊಡ್ಡ ಡಾಕ್ಟರು ಬಂದಾಗ ಮಾತ್ರ ವಿದ್ಯಾರ್ಥಿ. ಇದರಲ್ಲಿ ಕೊನೆಗೆ ಎರಡು ಪರೀಕ್ಷೆ. ಬರೆಯುವುದು ಒಂದು, ರೋಗಿಯನ್ನು ನೋಡಿ ಉತ್ತರ ಹೇಳುವ ಪ್ರಾಯೋಗಿಕ ಪರೀಕ್ಷೆ ಇನ್ನೊಂದು. ಬರೆಯುವುದಕ್ಕೆ ಹುಬ್ಬಳ್ಳಿಗೆ ಚಾಚಾನ ಗಾಡಿಯಲ್ಲಿ ಹೋದೆ, ಪಾಸಾದೆ. ಪ್ರಾಯೋಗಿಕ ಪರೀಕ್ಷೆ ಪರರಾಜ್ಯದಲ್ಲಿ ಬಿತ್ತು. ಅಷ್ಟು ದೂರ ಚಾಚಾನ ವ್ಯಾನು ಬರುವುದಿಲ್ಲವೆಂದು ಒಬ್ಬಳೇ ರೈಲು ಹತ್ತಿ ಹೋದೆ, ದಾರಿಯುದ್ದಕ್ಕೂ ಓದಿದೆ, ಪರೀಕ್ಷೆಯ ಕೋಣೆಯ ಬಾಗಿಲ ಹತ್ತಿರ ನಿಂತು ಕೂಡ ಓದಿದೆ. ಫೇಲಾದೆ. ನಾನು ಮೂಢನಂಬಿಕೆಯವಳಲ್ಲ. ಆದರೆ ಎರಡನೇ ಸಲ ಪರೀಕ್ಷೆ ಮತ್ತೆ ಹುಬ್ಬಳ್ಳಿಗೇ ಬಿದ್ದಿದೆ ಎಂದು ಗೊತ್ತಾದಾಗ ಮೊದಲು ಫೋನು ಮಾಡಿದ್ದು ಅವ್ವನಿಗಲ್ಲ, ಚಾಚಾಗೆ.

"ಗಾಡಿ ರೆಡಿ ಐತಿ, ನೀ ರೆಡಿ ಆಗು" ಎಂದರು. ನನಗೆ ಅರ್ಧ ಪಾಸಾದಂತಾಯಿತು.

ಓದಲು ರಜೆ ಹಾಕಿ ಊರಿಗೆ ಬಂದದ್ದು ಜುಲೈನಲ್ಲಿ. ಜುಲೈ ಎಂದರೆ ಆದಾಯ ತೆರಿಗೆಯ ವಿವರ ಸಲ್ಲಿಸುವ ತಿಂಗಳು. ನಮ್ಮ ಆಸ್ಪತ್ರೆಯವರು ತಿಂಗಳು ತಿಂಗಳು ನಮ್ಮ ಸ್ಟೈಪೆಂಡಿನಲ್ಲಿ ಹತ್ತರಲ್ಲಿ ಒಂದು ಪಾಲು ತೆರಿಗೆ ಅಂತ ಹಿಡಿದುಕೊಂಡೇ ಕೊಡುತ್ತಿದ್ದರು. ಅದು ಹೋದದ್ದು ಹೋಯಿತು ಎಂದೇ ನಾನು ತಿಳಿದಿದ್ದೆ. ಹಿರಿಯ ರೆಸಿಡೆಂಟ್ ಒಬ್ಬಳು, "ಪೆದ್ದಿ, ಅದನ್ನು ವಾಪಸ್ ತರಬಹುದು, ಪರೀಕ್ಷೆಯ ಫೀಸು ಪುಸ್ತಕದ ಖರ್ಚು ಎಲ್ಲ ಕಳೆಯಬಹುದು" ಎಂದಾಗ ನನಗೆ ಖುಷಿಗಿಂತ ಮೊದಲು ಸಿಟ್ಟು ಬಂತು. ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದು. ನನಗೆ ಸಿಟ್ಟು ಯಾವಾಗಲೂ ಮೊದಲ ಬಸ್ಸಿಗೇ ಬರುತ್ತದೆ, ಬುದ್ಧಿ ಎರಡನೇ ಬಸ್ಸಿಗೆ.

ಹಗರಿಬೊಮ್ಮನಹಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಒಬ್ಬ ತೆರಿಗೆ ಸಲಹೆಗಾರರಿದ್ದರು. ಹತ್ತಿ, ಶೇಂಗಾ, ಮೆಕ್ಕೆಜೋಳದ ವ್ಯಾಪಾರಿಗಳ ಲೆಕ್ಕ ನೋಡಿ ನೋಡಿ ಅವರ ಕನ್ನಡಕದ ಗಾಜಿನ ಮೇಲೂ ಧೂಳು. ಅಪ್ಪನ ಮಿಲ್ಲಿನ ಪರಿಚಯದ ಮೇಲೆ ಹೋದೆ. ಅವರಿಗೆ ರೆಸಿಡೆಂಟ್ ಡಾಕ್ಟರ್ ಗಿರಾಕಿ ಹೊಸದು.

"ನೀನು ಡಾಕ್ಟ್ರೋ, ವಿದ್ಯಾರ್ಥಿಯೋ?" ಎಂದು ಕೇಳಿದರು.

"ಎರಡೂ ರೀ."

"ಹಂಗಂದ್ರ ಹೆಂಗವ್ವ? ಮೆಕ್ಕಿಜೋಳದ ವ್ಯಾಪಾರಿ ಮೆಕ್ಕಿಜೋಳ ಮಾರ್ತಾನ. ನೀ ಏನು ಮಾರ್ತಿ?"

"ನಿದ್ದಿ ಮಾರ್ತೀನ್ರಿ" ಎಂದೆ.

ಅವರು ನಗಲಿಲ್ಲ, ಆದರೆ ಕನ್ನಡಕ ಒರೆಸಿಕೊಂಡರು. ಆಮೇಲೆ ವಿವರಿಸಿದರು. "ನಿಮ್ಮ ದವಾಖಾನಿಯವರು ಸಂಬಳ ಅಂತ ಕೊಟ್ಟಿದ್ರ ಪರೀಕ್ಷಾ ಫೀಸು, ಪುಸ್ತಕ ಯಾವ್ದೂ ಕಳಿಯಾಕ ಬರ್ತಿರಲಿಲ್ಲ. ಅವರು ನಿನಗ ಫೀ ಅಂತ ಕೊಟ್ಟಾರ, ವಕೀಲರಿಗೆ ಕೊಟ್ಟಂಗ. ಹಂಗಾಗಿ ಈ ಕೆಲಸಕ್ಕಂತ ನೀ ಮಾಡಿದ ಖರ್ಚು ಕಳದು, ಉಳಿದದ್ದಕ್ಕ ಅಷ್ಟ ತೆರಿಗಿ. ಉಳಿದದ್ದು ಐದು ಲಕ್ಷದ ಗೆರಿ ಒಳಗ ಬಂತಂದ್ರ ಹಿಡಿದಿದ್ದು ಪೂರಾ ವಾಪಸ್. ಗೆರಿ ದಾಟಿತಂದ್ರ ತೆರಿಗಿ ಬೀಳತೈತಿ." ಆಗಿನ ನಿಯಮ ಹಾಗಿತ್ತು. ಲೆಕ್ಕವನ್ನೇ ಇಡದೆ ಅರ್ಧಕ್ಕೆ ಅರ್ಧ ಖರ್ಚು ಎಂದು ತೋರಿಸುವ ದಾರಿಯೂ ಇದೆಯಂತಲ್ಲ ಎಂದು ನಾನು ಕೇಳಿದೆ. "ಅದು ಸ್ವಂತ ದವಾಖಾನಿ ಇಟ್ಟವರಿಗೆ ಸರಿ. ನೀ ಇನ್ನಾ ಕಲಿಯಾಕಿ. ನನ್ನ ಟೇಬಲ್ ಮ್ಯಾಲ ಖರೇ ಆಗಿದ್ದ ಖರ್ಚು ಮಾತ್ರ ಬರಿಯೋದು. ರಸೀದಿ ತಗಂಬಾ" ಎಂದು ಗದರಿದರು.

ರಸೀದಿ! ನಮ್ಮ ಕಡೆ ಇದಕ್ಕಿಂತ ಕಷ್ಟದ ವಸ್ತು ಇಲ್ಲ.

ಪರೀಕ್ಷೆಯ ಫೀಸಿನದ್ದು ಕಂಪ್ಯೂಟರಿನಲ್ಲೇ ಸಿಕ್ಕಿತು, ತೊಂದರೆ ಇರಲಿಲ್ಲ. ಪರೀಕ್ಷೆಗೆ ಮುಂಚೆ ಹುಬ್ಬಳ್ಳಿಯಲ್ಲಿ ನಡೆಸಿದ ತರಬೇತಿ ಶಿಬಿರದವರೂ ಕೊಟ್ಟರು. ಉಳಿದದ್ದೆಲ್ಲ ಗುರುತಿನವರ ಕೈಯಲ್ಲಿ. ನನ್ನ ಪ್ರಬಂಧ ಅಚ್ಚಾಗಿದ್ದು ಕೂಡ್ಲಿಗಿಯಲ್ಲಿ, ಸೋದರತ್ತೆಯ ಮನೆಯವರು ನಡೆಸುವ ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಕ್ಕಾಗುವ ತೊಂದರೆಯ ಮೇಲೆ ನಾನು ಬರೆದ ಪ್ರಬಂಧಕ್ಕೆ ಅವರು ಕೆಂಪು ಮಖಮಲ್ಲಿನ ರಟ್ಟು ಹಾಕಿ, ಮೇಲೆ ಬಂಗಾರದ ಬಣ್ಣದ ಗಣಪತಿ ಹಾಕಿ ಕೊಟ್ಟಿದ್ದರು. ಬಿಲ್ಲು ಕೇಳಿದಾಗ ಅವರಲ್ಲಿದ್ದ ಬಿಲ್ ಪುಸ್ತಕದಲ್ಲಿ "ಲಗ್ನಪತ್ರಿಕೆಗಳು" ಎಂದು ಮೊದಲೇ ಅಚ್ಚಾಗಿತ್ತು, ಅದನ್ನೇ ತುಂಬಿಕೊಟ್ಟರು. ಬಿಳಿ ಕೋಟು ಹೊಲಿದದ್ದು ಹಡಗಲಿಯ ದರ್ಜಿ. ಅವರು ಬಿಲ್ಲಿನಲ್ಲಿ, "ಕೋಟು, ಜೇಬು ದೊಡ್ಡದು, ಹುಡುಗಿ ತೆಳ್ಳಗಾಗಿದ್ದಕ್ಕೆ ಮತ್ತೊಮ್ಮೆ ಹಿಡಿದದ್ದು" ಎಂದು ಬರೆದರು. ಹರಪನಹಳ್ಳಿಯಲ್ಲಿ ನನ್ನ ಅರ್ಜಿಗಳನ್ನು ತುಂಬಿಕೊಡುತ್ತಿದ್ದ ಜೆರಾಕ್ಸ್ ಅಂಗಡಿಯಾಕೆ ಮಾತ್ರ ಬಿಲ್ಲು ಎಂಬ ಮಾತು ಕೇಳಿದ ಕೂಡಲೇ ಮುಖ ಸಣ್ಣದು ಮಾಡಿಕೊಂಡು, "ಯಾಕಕ್ಕ, ಜಾಸ್ತಿ ತಗಂಡಿದ್ನೇನು?" ಎಂದಳು. ಅವಳಿಗೆ ಸಮಾಧಾನ ಹೇಳುವುದರಲ್ಲಿ ನನ್ನ ಬಸ್ಸು ತಪ್ಪಿತು.

ಅಲ್ಲೇ ನನಗೆ ಎಚ್ಚರ ಆಗಬೇಕಿತ್ತು. ನಮ್ಮ ಊರುಗಳಲ್ಲಿ ಗುರುತಿನವರ ಹತ್ತಿರ ಬಿಲ್ಲು ಕೇಳುವುದು ಒಂದೇ ಸಂದರ್ಭದಲ್ಲಿ, ಸಂಬಂಧ ಮುಗಿಸುವಾಗ. ವರ್ಷಗಟ್ಟಲೆ ಒಂದೇ ಅಂಗಡಿಯಲ್ಲಿ ಎಣ್ಣೆ ಬೆಲ್ಲ ತರುತ್ತೇವೆ, ಬಾಯಿಮಾತಿನಲ್ಲಿ ಕೊಟ್ಟು ತಗೊಂಡು ನಡೆಯುತ್ತದೆ. ಜಗಳ ಬಿದ್ದರೆ ಮಾತ್ರ ಅಂಗಡಿ ಮುಂದೆ ನಿಂತು, "ನಮ್ದು ಬಿಲ್ ಮಾಡ್ರಿ" ಎನ್ನುತ್ತಾರೆ. ನಾನು ಸಣ್ಣವಳಿದ್ದಾಗ ಕಡಲೆಹಿಟ್ಟಿನಲ್ಲಿ ಹುಳ ಬಂತೆಂದು ಅವ್ವ ಹಿಟ್ಟಿನ ಅಂಗಡಿಯ ಮುಂದೆ ಹಾಗೆ ನಿಂತದ್ದು ನೆನಪಿದೆ. ಅವ್ವ ಆ ಮಾತಾಡಿದ ಕೂಡಲೇ ಅಂಗಡಿಯವನ ಕೈಯಲ್ಲಿದ್ದ ತಕ್ಕಡಿ ಅಲ್ಲೇ ನಿಂತಿತು. ಆಮೇಲೆ ಅವರ ಮನೆಯ ಮದುವೆಗೂ ನಮಗೆ ಕರೆ ಬರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ದಾವಣಗೆರೆಯಲ್ಲಿ ಚಹಾಕ್ಕೂ ಬಿಲ್ಲು ಕೊಡುವ ಕ್ಯಾಂಟೀನಿನಲ್ಲಿ ಬೆಳೆದ ನಾಲಿಗೆಗೆ ಅದು ಮರೆತಿತ್ತು.

ರಸೀದಿಗಳ ಕಟ್ಟು ಹೊತ್ತು ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋದೆ. ಸಲಹೆಗಾರರು ಮಖಮಲ್ಲಿನ ಬಿಲ್ಲು ನೋಡಿ, "ನಿನ್ನ ಲಗ್ನ ಎಷ್ಟು ಸಲ ಆಗೈತವ್ವ?" ಎಂದರು. ಎಲ್ಲ ಕೂಡಿಸಿ, ಕಳೆದು, ಪೆನ್ನಿನ ತುದಿ ಕಚ್ಚಿದರು. ಗೆರೆಯ ಒಳಗೆ ಬರಲು ಇನ್ನೂ ಸ್ವಲ್ಪ ಬೇಕಿತ್ತು.

"ಪರೀಕ್ಷಿಗೆ, ಶಿಬಿರಕ್ಕ ಹೆಂಗ ಹೋಗಿದ್ದಿ?"

"ನಮ್ಮ ಚಾಚಾನ ಗಾಡ್ಯಾಗ್ರಿ."

"ಮತ್ತ ಅದ ಐತಲ್ಲ! ಗಾಡಿ ಬಾಡಿಗಿ. ಅವರ ಕಡಿಂದ ಬರಸ್ಕೊಂಬಾ" ಎಂದು ಹೊಸದೊಂದು ರಸೀದಿ ಪುಸ್ತಕವನ್ನೇ ಕೊಟ್ಟರು. ಇಷ್ಟೇ ತಾನೇ ಎಂದುಕೊಂಡು ಮೆಟ್ಟಿಲು ಇಳಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ವಾಪಸ್ ಬರುವ ದುಡ್ಡನ್ನು ಮನಸ್ಸಿನಲ್ಲೇ ಎರಡು ಸಲ ಖರ್ಚು ಮಾಡಿ ಮುಗಿಸಿದೆ.

ಗ್ಯಾರೇಜಿನಲ್ಲಿ ಚಾಚಾ ಒಂದು ಟ್ರ್ಯಾಕ್ಟರಿನ ಕೆಳಗಿದ್ದರು. ಸುತ್ತ ನಾಲ್ಕೈದು ಜನ ರೈತರು ಕಾಯುತ್ತಾ ನಿಂತಿದ್ದರು. ಬಿತ್ತನೆಯ ಕಾಲ, ಎಲ್ಲರಿಗೂ ಅವಸರ. ಅಷ್ಟು ಜನರ ಮುಂದೆ ನಾನು ರಸೀದಿ ಪುಸ್ತಕ ಬಿಚ್ಚಿ, "ಚಾಚಾ, ಹೋದ ವರ್ಷದ್ದು ಹುಬ್ಬಳ್ಳಿಗೆ ಹೋಗಿದ್ದು ಗಾಡಿ ಬಾಡಿಗಿ ಎಷ್ಟಾತು ಬರದು ಸಹಿ ಮಾಡಿ ಕೊಡ್ರಿ, ಬಿಲ್ ಬೇಕಾಗೈತಿ" ಎಂದೆ.

ಟ್ರ್ಯಾಕ್ಟರಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಚಾಚಾ ಹೊರಗೆ ಬಂದರು. ಕೈ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಒಂದು ಸ್ಟೂಲು ಎಳೆದು, ಅದರ ಮೇಲಿನ ಧೂಳು ತಾವೇ ಝಾಡಿಸಿ, "ಕುಂದರ್ರಿ ಡಾಕ್ಟ್ರ" ಎಂದರು.

ಹುಟ್ಟಿದಾಗಿನಿಂದ ನನಗೆ ಲೇ ಹುಡುಗಿ ಎಂದ ಬಾಯಿ ಅದು.

"ಚಾಚಾ, ಅದು ತೆರಿಗಿ ಲೆಕ್ಕಕ್ಕ..."

"ಆತ್ರಿ. ಲೆಕ್ಕ ಮಾಡಿ ಹೇಳ್ತೀನ್ರಿ. ಪುಸ್ತಕ ಇಲ್ಲೇ ಇಟ್ಟು ಹೋಗ್ರಿ." ಅಷ್ಟು ಹೇಳಿ ಮತ್ತೆ ಟ್ರ್ಯಾಕ್ಟರಿನ ಕೆಳಗೆ ಹೋದರು. ರೈತರು ನನ್ನನ್ನು ನೋಡಿದರು. ನಾನು ರಸೀದಿ ಪುಸ್ತಕ ಸ್ಟೂಲಿನ ಮೇಲಿಟ್ಟು ರಸ್ತೆ ದಾಟಿದೆ.

ಅವ್ವನಿಗೆ ಹೇಳಿದೆ. ಅವ್ವ ಬಾಣಲೆಯಿಂದ ಜಾಲರಿ ಎತ್ತಿದವಳು ಹಾಗೇ ಹಿಡಿದು ನಿಂತಳು, ಎಣ್ಣೆ ತೊಟ್ಟಿಕ್ಕುತ್ತಿತ್ತು. "ಬಿಲ್ ಕೇಳಿದ್ಯಾ? ಅಣ್ಣಗ? ಮಂದಿ ಮುಂದ? ಅಷ್ಟು ಓದಿದಿ, ಇಷ್ಟು ಗೊತ್ತಾಗಲಿಲ್ಲೇನ ನಿನಗ?" ನನಗೆ ಮೊದಲ ಬಸ್ಸು ಬಂದೇ ಬಂತು. "ಸರ್ಕಾರ ಕೇಳತೈತಿ, ನಾ ಕೇಳೀನಿ. ಇದರಾಗ ಏನು ತಪ್ಪು?" ಎಂದು ರೇಗಿದೆ. ಅವ್ವ ನನಗಿಂತ ಜೋರು. ಆ ಸಂಜೆ ಮಿರ್ಚಿ ಸ್ವಲ್ಪ ಕಪ್ಪಾದವು.

ಮಾರನೆಯ ದಿನ ಚಾಚಾ ಅಂಗಡಿಗೆ ಬಂದರು. ದಿನಾಲೂ ಬರುತ್ತಿದ್ದರು, ಬಂದು ತಾವೇ ಬುಟ್ಟಿಯಿಂದ ಮಿರ್ಚಿ ಎತ್ತಿಕೊಂಡು ತಿನ್ನುತ್ತಿದ್ದರು, ಬದಲಿಗೆ ನಮ್ಮ ಸ್ಟೋವು, ಪಂಪು, ಬಾಗಿಲ ಚಿಲಕ ಎಲ್ಲ ಅವರ ಕೈಯಲ್ಲೇ ರಿಪೇರಿ. ಆ ದಿನ ಬುಟ್ಟಿಗೆ ಕೈ ಹಾಕಲಿಲ್ಲ. ಬೆಂಚಿನ ಮೇಲೆ ಗಿರಾಕಿಯ ಹಾಗೆ ಕುಳಿತು, "ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ ಕೊಡ್ರಿ" ಎಂದರು. ತಿಂದರು. ನೋಟು ತೆಗೆದು ಟೇಬಲ್ಲಿನ ಮೇಲಿಟ್ಟರು. "ಬಿಲ್ ಬೇಕಾಗಿತ್ರಿ."

ಅವ್ವ ಜಾಲರಿ ಎತ್ತಿಕೊಂಡು ಹೊಡೆಯಲು ಹೋದಳು. ನಿಜವಾಗಿ ಹೋದಳು. ಚಾಚಾ ನೋಟು ಅಲ್ಲೇ ಬಿಟ್ಟು ರಸ್ತೆ ದಾಟಿ ಓಡಿದರು. ಇಡೀ ಬಸ್ ಸ್ಟ್ಯಾಂಡು ನಕ್ಕಿತು, ನಾನೂ ನಕ್ಕೆ, ಒಳಗೆ ಹೋಗಿ ಅತ್ತೆ. ಅತ್ತದ್ದು ಯಾಕೆಂದರೆ ಪರೀಕ್ಷೆ ಹತ್ತಿರ ಬಂದಿತ್ತು, ಗಾಡಿ ಬರುವುದೋ ಇಲ್ಲವೋ ಎಂದು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಬಸ್ಸಿಗೆ ಹೋಗಬಹುದಿತ್ತು. ಅಪ್ಪ ಮಿಲ್ಲಿನ ಪರಿಚಯದ ಕಾರು ಕೇಳಿ ನೋಡುತ್ತೇನೆ ಎಂದ. ಅದಲ್ಲ. ಚಾಚಾ ಇಲ್ಲದೆ ಆ ಹೊಳೆ ದಾಟಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಓದಲು ಕುಳಿತರೆ ಹೃದಯದ ಕವಾಟಗಳ ಚಿತ್ರದಲ್ಲೂ ಬಿಳಿ ವ್ಯಾನೇ ಕಾಣುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಸಂಜೆ ತಡೆಯಲಾಗಲಿಲ್ಲ. ಗ್ಯಾರೇಜಿಗೆ ಹೋಗಿ, ಕ್ಷಮೆ ಕೇಳಬೇಕೆಂದು ಹೋದವಳು, ಜಗಳವನ್ನೇ ಶುರು ಮಾಡಿದೆ.

"ನೀವು ಬರ್ಲಿಲ್ಲಂದ್ರ ನಾ ನಪಾಸಾಗ್ತೀನಿ ಚಾಚಾ. ಆಮ್ಯಾಲ ನಂದಲ್ಲ ಅದು, ನಿಮ್ದ."

"ಬ್ಯಾರೆ ಗಾಡಿ ಅದಾವಲ್ರಿ ಊರಾಗ."

"ಆ 'ರೀ' ಬಿಡ್ರಿ ಮೊದ್ಲ! ನಾ ಏನು ಲೆಕ್ಕ ಮುಗಿಸಾಕ ಬಂದಿದ್ನೇನು? ಸರ್ಕಾರದವರು ಕಲಿಯಾಕ ಎಷ್ಟು ಖರ್ಚು ಮಾಡಿದಿ ಅಂತ ಕೇಳ್ತಾರ. ಅದಕ್ಕ ಬಿಲ್ ಬೇಕು. ಅಷ್ಟ."

ಚಾಚಾ ಕೈಯಲ್ಲಿದ್ದ ಪ್ಲಗ್ಗು ಕೆಳಗಿಟ್ಟರು. ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ಖರ್ಚು ನೀ ಮಾಡೀಯೇನು?"

ಚಾಚಾ ವ್ಯಾನಿನ ಕಡೆ ಬೆರಳು ತೋರಿಸಿದರು.

"ಹುಬ್ಬಳ್ಳಿಗೆ ಹೋಗಾಕ ಡೀಸೆಲ್ ಯಾರು ಹಾಕ್ಸಿದ್ರು? ನಾನು. ಗಾಡಿ ಯಾರದು? ನಂದು. ನಿನ್ನ ಪರೀಕ್ಷಿ ಮುಗಿಯೋತನಕ ಆ ಗೇಟಿನ ಮುಂದ ಬಿಸಲಾಗ ಯಾರು ಕುಂತಿದ್ರು? ನಾನು. ಅದು ನನ್ನ ಖರ್ಚು. ನನ್ನ ಖರ್ಚನ್ನ ನಿನ್ನ ಹೆಸರಿಗೆ ಹೆಂಗ ಬರಕೊಂತಿ?" ಅವರ ದನಿ ಏರಿತು. "ಈ ಬಸ್ ಸ್ಟ್ಯಾಂಡಿನಾಗ ಎಲ್ಲರಿಗೂ ಹೇಳ್ಕೊಂಡು ತಿರುಗೀನಿ. ಆ ಹುಡುಗೀನ ಡಾಕ್ಟರ್ ಮಾಡಿದ್ರಾಗ ನಂದೂ ಪಾಲು ಐತಿ ಅಂತ. ಈಗ ಬಾಡಿಗಿ ತಗಂಡೀನಿ ಅಂತ ಸಹಿ ಮಾಡ್ಲೇನು? ಸಹಿ ಮಾಡಿದ್ರ ನಾ ಯಾರು? ಬಾಡಿಗಿ ಡ್ರೈವರ್!"

ಅವರು ಸಂಬಂಧ ಮುರಿಯಿತೆಂದು ನೊಂದಿದ್ದಾರೆ ಎಂದು ನಾನು ತಿಳಿದಿದ್ದೆ. ಅದಲ್ಲ, ಅವರ ಪಾಲನ್ನು ನಾನು ಕಸಿದುಕೊಳ್ಳಲು ಹೋಗಿದ್ದೆ. ಆ ಕ್ಷಣ ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಅದನ್ನು ಹೇಳಲು ಬಾರದೆ ಅವರ ಗ್ರೀಸ್ ಬಟ್ಟೆ ಎತ್ತಿಕೊಂಡು ಕಣ್ಣು ಒರೆಸಿಕೊಂಡೆ. ಮುಖವೆಲ್ಲ ಕಪ್ಪಾಯಿತು.

"ಹೋಗು, ಮಾರಿ ತೊಳಕೋ" ಎಂದರು. ನಾಳೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಬೆಳಿಗ್ಗೆ ಇನ್ನೂ ಮಬ್ಬು. ನಾನು ಚೀಲ ಹೆಗಲಿಗೇರಿಸಿ, ಬಿಳಿ ಕೋಟು ಮಡಿಚಿ ಕೈಯಲ್ಲಿ ಹಿಡಿದು, ಬಸ್ಸಿಗಾಗಲಿ ಗಾಡಿಗಾಗಲಿ ತಯಾರಾಗಿ ಬಾಗಿಲಲ್ಲಿ ನಿಂತಿದ್ದೆ. ಅವ್ವ ಮಿರ್ಚಿ ಕಟ್ಟಿಟ್ಟಿದ್ದಳು, ಎಂದಿನಂತೆ ಇಬ್ಬರಿಗಾಗುವಷ್ಟು. ಎರಡು ಬೀದಿ ಆಚೆ ನಾಯಿಗಳು ಬೊಗಳಿದವು.

"ಬಂದ" ಎಂದಳು ಅವ್ವ, ನೆಮ್ಮದಿಯಾಗಿ.

ಗಾಡಿ ಬಂದು ನಿಂತಿತು. "ಹತ್ತಲೇ, ಹೊತ್ತಾತು" ಎಂದರು ಚಾಚಾ. ಅವ್ವ ಓಡಿ ಬಂದು, ಅವರು ಟೇಬಲ್ಲಿನ ಮೇಲೆ ಬಿಟ್ಟುಹೋಗಿದ್ದ ನೋಟನ್ನು ಕಿಟಕಿಯಿಂದ ಅವರ ಅಂಗಿಯ ಜೇಬಿಗೆ ತುರುಕಿದಳು. ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡರು. ಗಾಡಿ ಹೊರಟಿತು.

ಹಡಗಲಿಯಲ್ಲಿ ಮಲ್ಲಿಗೆಯ ಬುಟ್ಟಿಗಳು ಬಸ್ಸಿನ ಮೇಲೆ ಏರುತ್ತಿದ್ದವು. ದಾರಿಯುದ್ದಕ್ಕೂ ನಾನು ಓದಿದೆ. ಸೇತುವೆ ಸಮೀಪಿಸಿದಾಗ ಗಾಡಿ ನಿಂತಿತು, ಕೈ ಹಿಂದೆ ಬಂತು, "ತಾ ಇಲ್ಲಿ." ಪುಸ್ತಕ ಕೊಟ್ಟೆ. ಆ ಕೈ ಮತ್ತೆ ಹಿಂದೆ ಬಂತು. ಈ ಸಲ ಅದರಲ್ಲಿ ಒಂದು ಚೀಟಿ ಇತ್ತು.

ರಸೀದಿ ಪುಸ್ತಕದಿಂದ ಹರಿದದ್ದು. ದಪ್ಪ ದಪ್ಪ ಅಕ್ಷರ, ಒಂದು ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು. ಯಾತಕ್ಕಾಗಿ ಎಂಬಲ್ಲಿ, "ನಮ್ಮ ಹುಡುಗಿನ್ನ ಪರೀಕ್ಷಿಗೆ ಕರಕೊಂಡು ಹೋಗಿದ್ದು, ಬಂದಿದ್ದು" ಎಂದು ಬರೆದಿದ್ದರು. ರೂಪಾಯಿ ಎಂಬಲ್ಲಿ ಒಂದು ದೊಡ್ಡ ಸೊನ್ನೆ. ಕೆಳಗೆ ಸಹಿ.

"ಸರ್ಕಾರ ಕೇಳತೈತಿ ಅಂದ್ಯಲ್ಲ, ಕೊಡು" ಎಂದರು. "ಬಿಲ್ ಕೊಡಂಗಿಲ್ಲ ಅಂತ ನಾ ಅಂದಿಲ್ಲ."

ನಾನು ನಕ್ಕೆ, ನಗುತ್ತಾ ನಗುತ್ತಾ ಮಿರ್ಚಿ ಗಂಟಲಿಗೆ ಸಿಕ್ಕಿ ಕೆಮ್ಮಿದೆ, ಚಾಚಾ ಬೆನ್ನಿಗೆ ಗುದ್ದಿದರು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾರ ಪರೀಕ್ಷೆಯೂ ಇನ್ನೊಬ್ಬರಿಗೆ ರುಚಿಸುವುದಿಲ್ಲ. ನನ್ನ ಪಾಲಿಗೆ ಬಂದ ರೋಗಿ ಗದಗ ಕಡೆಯ ಒಬ್ಬ ಅಜ್ಜಿ. ನಾನು ಮಾತಾಡಿಸಿದ ಕೂಡಲೇ, "ಯಾ ಊರವ್ವ ನಿಂದು?" ಎಂದಳು. ಕೊಟ್ಟೂರು ಎಂದೆ. ಅಷ್ಟಕ್ಕೇ ಅಜ್ಜಿ ತನ್ನ ಕಾಲುಬಾವಿನಿಂದ ಹಿಡಿದು ಸೊಸೆಯ ಸ್ವಭಾವದವರೆಗೆ ಎಲ್ಲ ಹೇಳಿದಳು. ಸೊಸೆಯ ಭಾಗ ಬಿಟ್ಟು ಉಳಿದದ್ದನ್ನು ಪರೀಕ್ಷಕರಿಗೆ ಒಪ್ಪಿಸಿದೆ. ಹೃದಯದ ಸದ್ದು ಕೇಳಲು ಸ್ಟೆತೊಸ್ಕೋಪ್ ಇಟ್ಟಾಗ ಬಿಳಿ ವ್ಯಾನು ಕಾಣಲಿಲ್ಲ, ಕವಾಟವೇ ಸ್ಪಷ್ಟವಾಗಿ ಕೇಳಿತು. ಹೊರಗೆ ಬಂದಾಗ ಚಾಚಾ ಗೇಟಿನ ಎದುರು ಯಾರದೋ ಸ್ಕೂಟರು ಬಿಚ್ಚಿ ಹರವಿಕೊಂಡು ಕುಳಿತಿದ್ದರು. ಕೆಟ್ಟು ನಿಂತಿತ್ತಂತೆ, ನೋಡಲಾಗಲಿಲ್ಲವಂತೆ. ಅದನ್ನು ಜೋಡಿಸುವವರೆಗೆ ಹೊರಡುವಂತಿರಲಿಲ್ಲ.

ತಿಂಗಳ ಕೊನೆಗೆ ಹಗರಿಬೊಮ್ಮನಹಳ್ಳಿಗೆ ಹೋಗಿ ಚೀಟಿ ಟೇಬಲ್ಲಿನ ಮೇಲಿಟ್ಟೆ. ಸಲಹೆಗಾರರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಏನವ್ವ ಇದು?"

ನಡೆದದ್ದೆಲ್ಲ ಹೇಳಿದೆ. ಅವರು ಚೀಟಿಯನ್ನು ಟೇಬಲ್ಲಿನ ಮೇಲೆ ನೆಟ್ಟಗೆ ಮಾಡಿಟ್ಟರು. "ಅವರು ಹೇಳಿದ್ದು ಖರೆ ಐತಿ. ನಿನ್ನ ಖರ್ಚಲ್ಲ ಅದು, ನೀ ಕಳಿಯಂಗಿಲ್ಲ. ಗೆರಿ ದಾಟಿತು. ತೆರಿಗಿ ಬೀಳತೈತಿ, ನಡಿತತೇನು?"

"ನಡಿತತ್ರಿ" ಎಂದೆ. ಮನಸ್ಸಿನಲ್ಲಿ ಎರಡು ಸಲ ಖರ್ಚು ಮಾಡಿದ್ದ ದುಡ್ಡಿನಲ್ಲಿ ಒಂದು ಪಾಲು ತೆರಿಗೆಗೆ ಹೋಗಿ ಉಳಿದದ್ದು ಮಾತ್ರ ಆಮೇಲೆ ಖಾತೆಗೆ ಬಂತು. ಅದಕ್ಕೆ ನನಗೆ ಒಂದು ಚೂರೂ ಬೇಜಾರಾಗಲಿಲ್ಲ ಎಂದರೆ ಸುಳ್ಳು, ಸ್ವಲ್ಪ ಆಯಿತು. ಆ ಚೀಟಿಯನ್ನು ವಾಪಸ್ ಕೊಡಿ ಎಂದೆ. ಅವರು ಕೊಡಲಿಲ್ಲ. "ಇರಲಿ" ಎಂದು ಉಳಿದ ರಸೀದಿಗಳ ಜೊತೆಗೇ ಪಿನ್ನು ಹಾಕಿ ಕಪಾಟಿನಲ್ಲಿಟ್ಟರು.

ಫಲಿತಾಂಶ ಬಂದ ದಿನ ನಾನು ದಾವಣಗೆರೆಯಲ್ಲಿ ಡ್ಯೂಟಿಯಲ್ಲಿದ್ದೆ. ಪಾಸಾದೆ ಎಂದು ಫೋನು ಮಾಡಿದಾಗ ಚಾಚಾ ಫೋನನ್ನು ಹಾಗೇ ಹಿಡಿದುಕೊಂಡು ರಸ್ತೆಯ ಆಚೆಗೆ ಕೂಗಿದರು, "ತಂಗೆವ್ವಾ, ನಮ್ಮ ಖರ್ಚು ದಂಡ ಆಗಲಿಲ್ಲಬೇ!" ಜಾಲರಿ ಬಾಣಲೆಗೆ ಬಡಿದ ಸದ್ದು ನನಗೆ ದಾವಣಗೆರೆಯವರೆಗೆ ಕೇಳಿತು.

ಈಗ ಕೊಟ್ಟೂರಿನಲ್ಲೇ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಚಾಚಾಗೆ ಬಿಪಿ. ತಿಂಗಳಿಗೊಮ್ಮೆ ತೋರಿಸಲು ಬರುತ್ತಾರೆ, ಸರದಿ ಮುರಿದು ಒಳಗೆ ಬರುತ್ತಾರೆ, ನಾನು ಬೈಯುತ್ತೇನೆ. ನೋಡಿ ಮುಗಿಸಿದ ಮೇಲೆ ಅವರು ಅಂಗಿಯ ಜೇಬಿನಿಂದ ಆ ಹಳೆಯ ರಸೀದಿ ಪುಸ್ತಕ ತೆಗೆದು ನನ್ನ ಮುಂದೆ ಇಡುತ್ತಾರೆ. ಅವತ್ತು ಅದನ್ನು ಅವರು ವಾಪಸ್ ಕೊಡಲೇ ಇಲ್ಲ.

"ಬರಿಲೇ. ಲೆಕ್ಕ ಅಂದ್ರ ಲೆಕ್ಕ."

ಯಾತಕ್ಕಾಗಿ ಎಂಬಲ್ಲಿ ಬಿಪಿ ನೋಡಿದ್ದಕ್ಕೆ ಎಂದು ಬರೆಯುತ್ತೇನೆ, ರೂಪಾಯಿ ಎಂಬಲ್ಲಿ ಸೊನ್ನೆ ಹಾಕಿ ಸಹಿ ಮಾಡುತ್ತೇನೆ. ಸೊನ್ನೆ ದುಂಡಗಿದೆಯೇ ಎಂದು ಅವರು ಕನ್ನಡಕ ಏರಿಸಿ ನೋಡಿ, ಚೀಟಿ ಹರಿದುಕೊಂಡು ಹೋಗುತ್ತಾರೆ. ಆ ಪುಸ್ತಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಹಾಳೆ ಉಳಿದಿವೆ. ಪ್ರತಿ ಸಲ ನಾನು ಅದನ್ನು ತಿರುವಿ ನೋಡಿ, ಹಾಳೆ ಬೇಗ ಮುಗಿಯದಿರಲಿ ಎಂದುಕೊಳ್ಳುತ್ತೇನೆ.